ಮಣಿಕಟ್ಟಿನ ಮೂಳೆಮುರಿತ

ಮಣಿಕಟ್ಟಿನ ಮೂಳೆಮುರಿತ ಎಂದರೆ ಮುಂಗೈಯ ಎರಡು ಮೂಳೆಗಳ ಕೆಳತುದಿಯಲ್ಲಿ ಅಥವಾ ಮಣಿಕಟ್ಟಿನ ಕಿರುಮೂಳೆಗಳಲ್ಲಿ ಉಂಟಾಗುವ ಬಿರುಕು ಇಲ್ಲವೆ ಮುರಿತ. ಇವುಗಳಲ್ಲಿ ಹೆಬ್ಬೆರಳಿನ ಕಡೆಯಿರುವ ರೇಡಿಯಸ್ ಮೂಳೆಯ ಕೆಳತುದಿಯ ಮುರಿತವು ಅತ್ಯಂತ ಸಾಮಾನ್ಯವಾದುದು. ಮುಗ್ಗರಿಸಿ ಬೀಳುವಾಗ ನೆಲಕ್ಕೆ ಕೈಯೂರುವುದು ಇದರ ಮುಖ್ಯ ಕಾರಣ. ಮಕ್ಕಳಲ್ಲಿ, ಅಪಘಾತಕ್ಕೀಡಾದ ಯುವಕರಲ್ಲಿ ಹಾಗೂ ಮುಟ್ಟು ನಿಂತ ನಂತರದ ವಯಸ್ಸಿನ ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಮುರಿದ ಮೂಳೆ ಸಾಮಾನ್ಯವಾಗಿ ಆರು ವಾರಗಳಲ್ಲಿ ಕೂಡಿಕೊಳ್ಳುತ್ತದೆ; ಆದರೆ ಕೈ ತನ್ನ ಕೆಲಸವನ್ನು ಮತ್ತೆ ಮಾಡುವಂತಾಗಲು ಹಲವು ತಿಂಗಳುಗಳು ಬೇಕಾಗುತ್ತವೆ. ಆದ್ದರಿಂದ ಚಿಕಿತ್ಸೆಯ ಗುರಿ ಮೂಳೆಯನ್ನು ಕೂಡಿಸುವುದಷ್ಟೇ ಅಲ್ಲ, ಕೈಯ ಚಲನೆ, ಹಿಡಿತ ಮತ್ತು ನೋವಿಲ್ಲದ ಬಳಕೆಯನ್ನು ಮರಳಿ ತರುವುದೂ ಆಗಿದೆ.

ರಚನೆ

ಮೊಣಕೈಯಿಂದ ಮಣಿಕಟ್ಟಿನವರೆಗೆ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳಿವೆ. ರೇಡಿಯಸ್ ಹೆಬ್ಬೆರಳಿನ ಕಡೆಯೂ ಅಲ್ನಾ ಕಿರುಬೆರಳಿನ ಕಡೆಯೂ ಇರುತ್ತವೆ. ಇವುಗಳ ಮುಂದೆ ಎರಡು ಸಾಲುಗಳಲ್ಲಿ ಎಂಟು ಕಿರುಮೂಳೆಗಳು ಜೋಡಣೆಗೊಂಡಿವೆ. ಇವುಗಳಲ್ಲಿ ಸ್ಕ್ಯಾಫಾಯಿಡ್ ಮತ್ತು ಲೂನೇಟ್ ಎಂಬ ಮೂಳೆಗಳು ರೇಡಿಯಸ್ಸಿನ ತುದಿಯೊಡನೆ ನೇರವಾಗಿ ಕೀಲುಗೂಡಿವೆ. ಕೈಯಿಂದ ಮುಂಗೈಗೆ ಸಾಗುವ ಭಾರದಲ್ಲಿ ಸುಮಾರು 80 ಶೇಕಡ ರೇಡಿಯಸ್ ಮೂಲಕ, ಉಳಿದದ್ದು ಅಲ್ನಾ ಮೂಲಕ ಹಾದುಹೋಗುತ್ತದೆ. ಬಿದ್ದಾಗ ರೇಡಿಯಸ್ಸೇ ಹೆಚ್ಚಾಗಿ ಮುರಿಯುವುದಕ್ಕೆ ಇದೂ ಒಂದು ಕಾರಣ.

ರೇಡಿಯಸ್ಸಿನ ಕೀಲುಮುಖವು ಅಂಗೈಯ ಕಡೆಗೆ ಸುಮಾರು 11 ಡಿಗ್ರಿ ಮತ್ತು ಕಿರುಬೆರಳಿನ ಕಡೆಗೆ ಸುಮಾರು 22 ಡಿಗ್ರಿ ವಾಲಿಕೊಂಡಿರುತ್ತದೆ. ಮುರಿತದಿಂದ ಈ ವಾಲಿಕೆ ಎಷ್ಟು ಕೆಟ್ಟಿದೆ, ಮೂಳೆ ಎಷ್ಟು ಮೊಟಕಾಗಿದೆ, ಕೀಲುಮುಖದಲ್ಲಿ ಮೆಟ್ಟಿಲಿನಂತಹ ಏರುಪೇರು ಉಂಟಾಗಿದೆಯೇ ಎಂಬುದನ್ನು ಅಳೆದು ವೈದ್ಯರು ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಅಂಗೈಯನ್ನು ಮೇಲ್ಮುಖ ಹಾಗೂ ಕೆಳಮುಖವಾಗಿ ಹೊರಳಿಸುವ ಚಲನೆಯಲ್ಲಿ ರೇಡಿಯಸ್ ಮೂಳೆ ಅಲ್ನಾದ ಸುತ್ತ ತಿರುಗುತ್ತದೆ. ಎರಡೂ ಮೂಳೆಗಳ ಕೆಳತುದಿಯ ನಡುವಿನ ಸಣ್ಣ ಕೀಲು ಕೆಟ್ಟರೆ ಈ ಹೊರಳುವಿಕೆ ಕುಂಠಿತವಾಗುತ್ತದೆ.

ಇತಿಹಾಸ

ಪ್ರಾಚೀನ ಭಾರತದ ಶಸ್ತ್ರವೈದ್ಯ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಮೂಳೆಮುರಿತಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಮುರಿದ ಅಂಗವನ್ನು ಎಳೆದು ಸರಿಪಡಿಸಿ, ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯ ಪಟ್ಟಿಗಳನ್ನಿಟ್ಟು ಬಟ್ಟೆ ಸುತ್ತಬೇಕೆಂದು ಅದು ಹೇಳುತ್ತದೆ. ಕಟ್ಟು ಸಡಿಲವಾದರೆ ಮೂಳೆ ನಿಲ್ಲದು, ಬಿಗಿಯಾದರೆ ಊತ, ನೋವು ಮತ್ತು ಚರ್ಮದ ಕೀವು ಉಂಟಾಗುತ್ತವೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಕೈ ಮುರಿದು ಕೂಡಿದವನು ಮೊದಲು ಸಗಣಿಯ ಉಂಡೆಯನ್ನು, ಆಮೇಲೆ ಮಣ್ಣಿನ ಉಂಡೆಯನ್ನು, ಬಲ ಬಂದ ಮೇಲೆ ಕಲ್ಲನ್ನು ಹಿಡಿದು ಅಭ್ಯಾಸ ಮಾಡಬೇಕೆಂಬ ಸೂಚನೆ ಗಮನಾರ್ಹವಾದುದು. ಭಾರವನ್ನು ಹಂತಹಂತವಾಗಿ ಹೆಚ್ಚಿಸುವ ಇಂದಿನ ವ್ಯಾಯಾಮ ಕ್ರಮದ ತತ್ತ್ವವೂ ಇದೇ ಆಗಿದೆ.

ಯುರೋಪಿನಲ್ಲಿ ಬಹುಕಾಲ ಈ ಗಾಯವನ್ನು ಮಣಿಕಟ್ಟಿನ ಕೀಲು ತಪ್ಪಿದ್ದೆಂದು ಭಾವಿಸಲಾಗಿತ್ತು. ಫ್ರಾನ್ಸಿನ ಲಿಯಾನ್ ನಗರದ ಶಸ್ತ್ರವೈದ್ಯ ಕ್ಲೋಡ್ ಪೂತೋ ಇದು ಮೂಳೆಮುರಿತವೆಂದು ವಿವರಿಸಿದ್ದನು. ಅವನ ಬರಹ 1783ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. ಐರ್ಲೆಂಡಿನ ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕೋಲ್ಸ್ (1773–1843) 1814ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಸ್ಪಷ್ಟ ವಿವರಣೆಯನ್ನು ಪ್ರಕಟಿಸಿದನು. ಕ್ಷ-ಕಿರಣಗಳು ಪತ್ತೆಯಾದದ್ದು 1895ರಲ್ಲಿ. ಅದಕ್ಕೆ ಎಂಟು ದಶಕಗಳ ಮೊದಲೇ ಕೋಲ್ಸ್ ಕೇವಲ ನೋಡಿ, ಮುಟ್ಟಿ, ಎಳೆದು ಪರೀಕ್ಷಿಸಿ ಮುರಿತದ ಸ್ಥಾನವನ್ನು ಗುರುತಿಸಿದ್ದನು. ಸರಿಪಡಿಸದೆ ಬಿಟ್ಟ ಕೈಯ ವಿಕಾರವು ಜೀವನಪರ್ಯಂತ ಉಳಿದರೂ ಕಾಲಾಂತರದಲ್ಲಿ ಅದರ ಚಲನೆ ಮರಳಿ ನೋವು ದೂರವಾಗುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಮೂಳೆಯ ಆಕಾರಕ್ಕೂ ಕೈಯ ಕೆಲಸಕ್ಕೂ ಎಷ್ಟರಮಟ್ಟಿನ ಸಂಬಂಧವಿದೆ ಎಂಬ ಚರ್ಚೆ ಅಲ್ಲಿಂದ ಇಂದಿನವರೆಗೂ ಮುಂದುವರಿದಿದೆ.

ಅಮೆರಿಕದ ಜಾನ್ ರಿಯಾ ಬಾರ್ಟನ್ 1838ರಲ್ಲಿ ಮತ್ತು ಡಬ್ಲಿನ್ನಿನ ರಾಬರ್ಟ್ ವಿಲಿಯಂ ಸ್ಮಿತ್ 1847ರಲ್ಲಿ ಈ ಭಾಗದ ಬೇರೆ ಬಗೆಯ ಮುರಿತಗಳನ್ನು ವಿವರಿಸಿದರು. ಡಚ್ ಸೇನಾವೈದ್ಯ ಆಂಟೋನಿಯಸ್ ಮ್ಯಾಥಿಸನ್ 1850ರ ದಶಕದ ಆರಂಭದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸವರಿದ ಬಟ್ಟೆಪಟ್ಟಿಗಳನ್ನು ಬಳಕೆಗೆ ತಂದನು. ಮುರಿದ ಭಾಗವನ್ನು ಹೊರಗಿನಿಂದ ಚುಚ್ಚಿದ ತಂತಿಗಳಿಂದ ನಿಲ್ಲಿಸುವ ವಿಧಾನವೂ, ತಿರುಪುಗಳಿರುವ ಲೋಹದ ಪಟ್ಟಿಯನ್ನು ಒಳಗೆ ಕೂರಿಸುವ ವಿಧಾನವೂ 20ನೆಯ ಶತಮಾನದಲ್ಲಿ ಬೆಳೆದುಬಂದವು. ತಿರುಪು ಪಟ್ಟಿಗೇ ಬೀಗದಂತೆ ಕಚ್ಚಿಕೊಳ್ಳುವ, ಅಂಗೈಯ ಕಡೆಯಿಂದ ಕೂರಿಸುವ ಪಟ್ಟಿಗಳು 2000ದ ನಂತರ ವ್ಯಾಪಕವಾದವು.

ವಿಧಗಳು

ಕೋಲ್ಸ್ ಮುರಿತ: ಅಂಗೈಯೂರಿ ಬಿದ್ದಾಗ ಆಗುವಂಥದು. ಮುರಿದ ತುಂಡು ಕೈಯ ಹಿಂಭಾಗಕ್ಕೆ ಸರಿಯುತ್ತದೆ. ಪಕ್ಕದಿಂದ ನೋಡಿದರೆ ಮಣಿಕಟ್ಟು ಕವುಚಿಟ್ಟ ಮುಳ್ಳುಚಮಚದಂತೆ ಕಾಣುತ್ತದೆ.

ಸ್ಮಿತ್ ಮುರಿತ: ಮುರಿದ ತುಂಡು ಅಂಗೈಯ ಕಡೆಗೆ ಸರಿದಿರುತ್ತದೆ. ಇದು ಪ್ಲಾಸ್ಟರಿನಲ್ಲಿ ಸುಲಭವಾಗಿ ನಿಲ್ಲದು.

ಬಾರ್ಟನ್ ಮುರಿತ: ಕೀಲುಮುಖದ ಅಂಚು ಮುರಿದು, ಅದರೊಡನೆ ಕಿರುಮೂಳೆಗಳೂ ಸ್ಥಾನಪಲ್ಲಟಗೊಳ್ಳುತ್ತವೆ. ಹೆಚ್ಚಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಶೋಫರ್ ಮುರಿತ: ಹೆಬ್ಬೆರಳಿನ ಕಡೆಯ ಮೂಳೆಯ ಚೂಪು ತುದಿ ಮುರಿಯುವುದು. ಹಿಂದೆ ಮೋಟಾರು ಕಾರುಗಳನ್ನು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಾಗ ಹ್ಯಾಂಡಲ್ ಹಿಮ್ಮೊಗವಾಗಿ ಹೊಡೆದು ಚಾಲಕರಿಗೆ ಆಗುತ್ತಿದ್ದುದರಿಂದ ಈ ಹೆಸರು ಬಂದಿದೆ.

ಸ್ಕ್ಯಾಫಾಯಿಡ್ ಮುರಿತ: ಹೆಬ್ಬೆರಳಿನ ಬುಡದ ಕುಳಿಯಲ್ಲಿ ನೋವಿರುತ್ತದೆ. ಮೊದಲ ಕ್ಷ-ಕಿರಣ ಚಿತ್ರದಲ್ಲಿ ಕಾಣದೆಯೂ ಇರಬಹುದು. ಈ ಮೂಳೆಗೆ ರಕ್ತಪೂರೈಕೆ ಕಡಿಮೆಯಾದ್ದರಿಂದ ಕೂಡಿಕೊಳ್ಳುವುದು ನಿಧಾನ. ಉಳುಕೆಂದು ಕಡೆಗಣಿಸಿದರೆ ಮೂಳೆ ಕೂಡದೆ ಉಳಿಯುವ ಅಪಾಯವಿದೆ.

ಮಕ್ಕಳ ಮುರಿತಗಳು: ಮಕ್ಕಳ ಮೂಳೆ ಮೃದುವಾಗಿರುವುದರಿಂದ ಪೂರ್ತಿ ಮುರಿಯದೆ ಉಬ್ಬುವುದು ಅಥವಾ ಹಸಿಕಡ್ಡಿಯಂತೆ ಒಂದು ಬದಿ ಮಾತ್ರ ಸೀಳುವುದು ಸಾಮಾನ್ಯ. ಉಬ್ಬುಮುರಿತವಾದ 965 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೃದುವಾದ ಬಟ್ಟೆಪಟ್ಟಿ ಸುತ್ತಿದವರಿಗೂ ಗಟ್ಟಿ ಕಟ್ಟು ಹಾಕಿದವರಿಗೂ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೂಳೆ ಬೆಳೆಯುವ ಫಲಕಕ್ಕೆ ಪೆಟ್ಟಾಗಿದ್ದರೆ ಮಾತ್ರ ದೀರ್ಘಕಾಲ ಗಮನಿಸಬೇಕಾಗುತ್ತದೆ.

ಲಕ್ಷಣಗಳು ಮತ್ತು ಪ್ರಥಮ ಚಿಕಿತ್ಸೆ

ತೀವ್ರ ನೋವು, ಊತ, ಆಕಾರದ ಬದಲಾವಣೆ ಹಾಗೂ ಕೈಯೆತ್ತಲು ಆಗದಿರುವುದು ಮುಖ್ಯ ಲಕ್ಷಣಗಳು. ಬೆರಳುಗಳಲ್ಲಿ ಜೋಮು ಹಿಡಿದಂತಾದರೆ ನರಕ್ಕೆ ಒತ್ತಡ ಬಿದ್ದಿರುವ ಸಾಧ್ಯತೆಯಿದೆ. ಬೆರಳುಗಳನ್ನು ಆಡಿಸಲು ಸಾಧ್ಯವಾದ ಮಾತ್ರಕ್ಕೆ ಮೂಳೆ ಮುರಿದಿಲ್ಲವೆಂದು ತಿಳಿಯಬಾರದು.

ಗಾಯವಾದ ಕೂಡಲೇ ಆ ಕೈಯ ಬಳೆ, ಉಂಗುರ ಮತ್ತು ಕೈಗಡಿಯಾರಗಳನ್ನು ತೆಗೆಯಬೇಕು. ತಡವಾದರೆ ಊತದಿಂದಾಗಿ ಉಂಗುರವು ಬೆರಳಿನ ರಕ್ತಸಂಚಾರವನ್ನೇ ತಡೆಯಬಹುದು. ಮುಂಗೈಯನ್ನು ಮಡಿಸಿದ ದಿನಪತ್ರಿಕೆ ಅಥವಾ ಮರದ ಪಟ್ಟಿಯ ಮೇಲಿಟ್ಟು ಸಡಿಲವಾಗಿ ಕಟ್ಟಿ, ಕೊರಳಿಗೆ ಜೋಲಿ ಹಾಕಿ, ಕೈಯನ್ನು ಎದೆಯ ಮಟ್ಟಕ್ಕಿಂತ ಕೆಳಗಿಳಿಯದಂತೆ ಇರಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಊತವನ್ನು ತಗ್ಗಿಸುತ್ತದೆ. ಎಣ್ಣೆ ಹಚ್ಚಿ ನೀವುವುದು ಮತ್ತು ಎಳೆಯುವುದು ಸಲ್ಲದು. ಮೂಳೆ ಚರ್ಮವನ್ನು ಸೀಳಿ ಹೊರಬಂದಿದ್ದರೆ ಶುಭ್ರವಾದ ಬಟ್ಟೆ ಮುಚ್ಚಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ

ಎರಡು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳಿಂದ ಮುರಿತವನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಕೀಲುಮುಖ ಹಲವು ತುಂಡುಗಳಾಗಿದ್ದರೆ ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ.

ಪ್ಲಾಸ್ಟರ್ ಕಟ್ಟು. ತುಂಡು ಸರಿಯದಿದ್ದರೆ ಕಟ್ಟು ಮಾತ್ರ ಸಾಕು. ಸರಿದಿದ್ದರೆ ಸ್ಥಳೀಯ ಅಥವಾ ಪೂರ್ಣ ಅರಿವಳಿಕೆ ನೀಡಿ, ಕೈಯನ್ನು ಎಳೆದು ತುಂಡನ್ನು ಸ್ವಸ್ಥಾನಕ್ಕೆ ಕೂರಿಸಲಾಗುತ್ತದೆ. ಬಳಿಕ ಮೊಣಕೈಯ ಕೆಳಗಿನಿಂದ ಅಂಗೈಯವರೆಗೆ ಕಟ್ಟು ಹಾಕುತ್ತಾರೆ. ಬೆರಳುಗಳ ಬುಡದ ಗೆಣ್ಣುಗಳೂ ಹೆಬ್ಬೆರಳೂ ಸರಾಗವಾಗಿ ಮಡಚುವಂತೆ ಕಟ್ಟು ಅಂಗೈಯ ಅಡ್ಡಗೆರೆಯ ಹಿಂದೆಯೇ ಮುಗಿಯಬೇಕು. ಮಣಿಕಟ್ಟನ್ನು ಅತಿಯಾಗಿ ಬಗ್ಗಿಸಿ ಕಟ್ಟಿದರೆ ನಡುವಿನ ನರ ಅದುಮಲ್ಪಡುತ್ತದೆ. ಸರಿಪಡಿಸಿದ ತುಂಡು ಮೊದಲ ಎರಡು ವಾರಗಳಲ್ಲಿ ಮತ್ತೆ ಜಾರುವ ಸಂಭವವಿರುವುದರಿಂದ ಆ ಅವಧಿಯಲ್ಲಿ ಮರಳಿ ಚಿತ್ರ ತೆಗೆಯಲಾಗುತ್ತದೆ. ಕಟ್ಟನ್ನು ಸಾಮಾನ್ಯವಾಗಿ ಐದಾರು ವಾರಗಳ ನಂತರ ಬಿಚ್ಚುತ್ತಾರೆ.

ತಂತಿಗಳು. ಚರ್ಮದ ಮೂಲಕ ಸಣ್ಣ ಉಕ್ಕಿನ ತಂತಿಗಳನ್ನು ತೂರಿಸಿ ತುಂಡುಗಳನ್ನು ನಿಲ್ಲಿಸಿ, ಮೇಲೆ ಪ್ಲಾಸ್ಟರ್ ಹಾಕಲಾಗುತ್ತದೆ. ಜರ್ಮನಿಯ ವೈದ್ಯ ಮಾರ್ಟಿನ್ ಕಿರ್ಷ್ನರ್ 1909ರಲ್ಲಿ ಇಂತಹ ತಂತಿಗಳನ್ನು ಪರಿಚಯಿಸಿದನು. ಮೂಳೆ ಕೂಡಿದ ಮೇಲೆ ತಂತಿಗಳನ್ನು ಹೊರತೆಗೆಯುತ್ತಾರೆ.

ಲೋಹದ ಪಟ್ಟಿ. ಅಂಗೈಯ ಕಡೆಯಿಂದ ಕೊಯ್ದು ಪಟ್ಟಿ ಮತ್ತು ತಿರುಪುಗಳನ್ನು ಕೂರಿಸಲಾಗುತ್ತದೆ. ಮಣಿಕಟ್ಟನ್ನು ಬೇಗನೆ ಆಡಿಸಲು ಆರಂಭಿಸಬಹುದೆಂಬುದು ಇದರ ಅನುಕೂಲ. ಸೋಂಕು ಮತ್ತು ಸ್ನಾಯುರಜ್ಜುವಿನ ಸವೆತ ಇದರ ಅಪಾಯಗಳು.

ಹೊರಚೌಕಟ್ಟು. ತೆರೆದ ಗಾಯ ಅಥವಾ ನುಚ್ಚುನೂರಾದ ಮುರಿತಗಳಲ್ಲಿ ಮೂಳೆಗೆ ಹಾಕಿದ ಕಂಬಿಗಳನ್ನು ಹೊರಗಿನ ಸರಳಿಗೆ ಜೋಡಿಸಿ ಮೂಳೆಯ ಉದ್ದವನ್ನು ಕಾಪಾಡುತ್ತಾರೆ.

ಚಿಕಿತ್ಸೆಯ ಆಯ್ಕೆ

ಸರಿಪಡಿಸಿದ ನಂತರವೂ ಮೂಳೆ 3 ಮಿಲಿಮೀಟರಿಗಿಂತ ಹೆಚ್ಚು ಮೊಟಕಾಗಿದ್ದರೆ, ಹಿಂದಕ್ಕೆ 10 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಅಥವಾ ಕೀಲುಮುಖದಲ್ಲಿ 2 ಮಿಲಿಮೀಟರಿಗಿಂತ ಹೆಚ್ಚಿನ ಏರುಪೇರಿದ್ದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದು ರೂಢಿಯಲ್ಲಿದೆ. ದುಡಿಯುವ ವಯಸ್ಸಿನವರಲ್ಲಿ ಈ ಅಳತೆಗಳಿಗೆ ಹೆಚ್ಚಿನ ಮಹತ್ತ್ವವಿದೆ.

ವಯೋವೃದ್ಧರ ವಿಷಯ ಭಿನ್ನವಾಗಿದೆ. 65 ವರ್ಷ ಮೀರಿದವರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕ್ಷ-ಕಿರಣ ಚಿತ್ರಗಳು ಹೆಚ್ಚು ಅಚ್ಚುಕಟ್ಟಾಗಿದ್ದರೂ, ಒಂದು ವರ್ಷದ ನಂತರ ನೋವು ಮತ್ತು ದಿನನಿತ್ಯದ ಕೆಲಸಗಳಲ್ಲಿ ಅವರಿಗೂ ಪ್ಲಾಸ್ಟರ್ ಮಾತ್ರ ಹಾಕಿಸಿಕೊಂಡವರಿಗೂ ಹೆಚ್ಚಿನ ಅಂತರವಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕಂಡರೂ ಕೈ ಚೆನ್ನಾಗಿ ಕೆಲಸ ಮಾಡಬಹುದು. ಆದರೂ ವಯಸ್ಸೊಂದೇ ಅಳತೆಗೋಲಾಗಬಾರದು. ಒಂಟಿಯಾಗಿ ಬದುಕುವವರು, ಊರುಗೋಲು ಹಿಡಿದು ನಡೆಯುವವರು, ಈಗಲೂ ಕೈಕೆಲಸದಿಂದ ಜೀವನ ಸಾಗಿಸುವವರು ಮೊದಲಾದವರ ಅಗತ್ಯಗಳನ್ನು ಪ್ರತ್ಯೇಕವಾಗಿ ತೂಗಿನೋಡಬೇಕಾಗುತ್ತದೆ.

ಬ್ರಿಟನ್ನಿನಲ್ಲಿ 461 ವಯಸ್ಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು ಅಗ್ಗದ ತಂತಿಗಳಿಗೂ ದುಬಾರಿಯಾದ ಪಟ್ಟಿಗಳಿಗೂ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಕಂಡುಕೊಂಡಿತು. ಅದರ ಮುಂದುವರಿಕೆಯಾಗಿ 500 ವಯಸ್ಕರಲ್ಲಿ ತಂತಿಗಳನ್ನೂ ಅಚ್ಚುಗೂಡಿಸಿದ ಪ್ಲಾಸ್ಟರನ್ನೂ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳು ಸಮನಾಗಿದ್ದವು. ಆದರೆ ಪ್ಲಾಸ್ಟರ್ ಗುಂಪಿನಲ್ಲಿ ಸುಮಾರು ಎಂಟು ಮಂದಿಗೆ ಒಬ್ಬರಂತೆ ಮೊದಲ ಆರು ವಾರಗಳಲ್ಲಿ ಮೂಳೆ ಜಾರಿ ಶಸ್ತ್ರಚಿಕಿತ್ಸೆ ಬೇಕಾಯಿತು. ಪ್ಲಾಸ್ಟರನ್ನು ಆರಿಸಿಕೊಂಡವರು ಮರುಭೇಟಿಯನ್ನು ತಪ್ಪಿಸಬಾರದೆಂಬುದಕ್ಕೆ ಇದು ಆಧಾರವಾಗಿದೆ.

ಬಿಗಿಕಟ್ಟಿನ ಅಪಾಯ

ಕರ್ನಾಟಕದ ಅನೇಕ ಊರುಗಳಲ್ಲಿ ನಾಟಿ ವೈದ್ಯರು ಬಿದಿರಿನ ದಬ್ಬೆ, ಗಿಡಮೂಲಿಕೆಯ ಲೇಪ ಮತ್ತು ಬಟ್ಟೆಗಳಿಂದ ಮೂಳೆ ಕಟ್ಟುವ ಪದ್ಧತಿ ಇಂದಿಗೂ ಇದೆ. ಆಂಧ್ರಪ್ರದೇಶದ ಪುತ್ತೂರಿನಿಂದ ಹೆಸರು ಪಡೆದ ಪುತ್ತೂರು ಕಟ್ಟು ಇಲ್ಲಿಯೂ ಪರಿಚಿತವಾದುದು. ಸ್ಥಾನ ತಪ್ಪದ ಸರಳ ಮುರಿತ ಯಾವ ಕಟ್ಟಿನಲ್ಲಿಯೂ ಕೂಡಿಕೊಳ್ಳಬಹುದು. ಆದರೆ ಕ್ಷ-ಕಿರಣ ಚಿತ್ರವಿಲ್ಲದೆ ಮುರಿತ ಸರಳವೋ ಜಟಿಲವೋ ಎಂಬುದು ತಿಳಿಯುವುದಿಲ್ಲ.

ಆಸ್ಪತ್ರೆಯ ಪ್ಲಾಸ್ಟರೇ ಆಗಲಿ ಬಿದಿರಿನ ದಬ್ಬೆಯೇ ಆಗಲಿ, ಕಟ್ಟು ಅತಿ ಬಿಗಿಯಾದರೆ ಒಳಗಿನ ಊತದಿಂದ ರಕ್ತಸಂಚಾರ ನಿಂತು ಸ್ನಾಯುಗಳು ಸಾಯಬಹುದು. ಆಮೇಲೆ ಬೆರಳುಗಳು ಕೊಕ್ಕೆಯಂತೆ ಶಾಶ್ವತವಾಗಿ ಮುದುಡಿಕೊಳ್ಳುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವನ ಹೆಸರೇ ಉಳಿದಿದೆ. ಕಟ್ಟು ಹಾಕಿದ ನಂತರ ನೋವು ಇಳಿಯುವ ಬದಲು ಏರುತ್ತಾ ಹೋಗುವುದು, ಬೆರಳನ್ನು ನೆಟ್ಟಗೆ ಮಾಡಿದರೆ ಸಹಿಸಲಾಗದ ನೋವು, ಜೋಮು, ಬೆರಳು ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು ಇದರ ಮುನ್ಸೂಚನೆಗಳು. ಇವು ಕಂಡರೆ ಬೆಳಗಾಗುವವರೆಗೆ ಕಾಯದೆ ಕಟ್ಟನ್ನು ಬಿಡಿಸಲು ಆಸ್ಪತ್ರೆಗೆ ಹೋಗಬೇಕು. ಉಳಿಸಿಕೊಳ್ಳಲು ಕೆಲವು ಗಂಟೆಗಳ ಅವಕಾಶ ಮಾತ್ರ ಇರುತ್ತದೆ.

ಇತರ ತೊಡಕುಗಳು

ಕೈಯ ಬಿಗಿತ ಎಲ್ಲಕ್ಕಿಂತ ಸಾಮಾನ್ಯವಾದ ತೊಡಕು. ಮೂಳೆ ಸೊಟ್ಟಗೆ ಕೂಡುವುದು, ನಡುವಿನ ನರದ ಒತ್ತಡ, ಮುಂದೆ ಕೀಲುಸವೆತ ಉಂಟಾಗುವುದು ಇತರ ತೊಡಕುಗಳು. ಕೆಲವೊಮ್ಮೆ ತುಂಡು ಸರಿಯದ ಸರಳ ಮುರಿತದಲ್ಲಿಯೂ ಕೆಲವು ವಾರಗಳ ನಂತರ ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜು ಸವೆದು ಹರಿಯುತ್ತದೆ. ಆಗ ತೋರುಬೆರಳಿನ ಹೆಚ್ಚುವರಿ ರಜ್ಜುವನ್ನು ಹೆಬ್ಬೆರಳಿಗೆ ಜೋಡಿಸಲಾಗುತ್ತದೆ.

ಕೆಲವರಿಗೆ ಗಾಯಕ್ಕೆ ಮೀರಿದ ಉರಿನೋವು, ಊತ, ಚರ್ಮದ ಬಣ್ಣ ಹಾಗೂ ಬಿಸಿಯಲ್ಲಿ ಬದಲಾವಣೆ, ಅತಿಯಾದ ಬೆವರು ಮತ್ತು ಬಿಗಿತಗಳು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಇದನ್ನು ಸಂಕೀರ್ಣ ಪ್ರಾದೇಶಿಕ ನೋವಿನ ಲಕ್ಷಣಕೂಟ ಎನ್ನುತ್ತಾರೆ. ಇದು ರೋಗಿಯ ಕಲ್ಪನೆಯೂ ಅಲ್ಲ, ಸೋಮಾರಿತನವೂ ಅಲ್ಲ. ಬೇಗ ಗುರುತಿಸಿ, ನೋವು ನಿವಾರಿಸಿ, ಕೈಯನ್ನು ಬಳಸಲು ತೊಡಗಿಸಿದರೆ ಸುಧಾರಣೆಯ ಅವಕಾಶ ಹೆಚ್ಚು.

ಕ್ರಿಯಾಶಕ್ತಿಯ ಮರಳಿಕೆ

ಕಟ್ಟು ಇರುವ ಅವಧಿ. ಪುನಶ್ಚೇತನವು ಕಟ್ಟು ಬಿಚ್ಚಿದ ದಿನವಲ್ಲ, ಕಟ್ಟು ಹಾಕಿದ ದಿನವೇ ಆರಂಭವಾಗಬೇಕು. ಮುರಿದದ್ದು ಮಣಿಕಟ್ಟಾದರೂ, ಭಯದಿಂದ ಆಡಿಸದೆ ಬಿಟ್ಟ ಬೆರಳುಗಳೂ ಭುಜವೂ ಮೊದಲು ಬಿಗಿದುಕೊಳ್ಳುತ್ತವೆ. ಬೆರಳುಗಳನ್ನು ನೆಟ್ಟಗೆ ಚಾಚುವುದು, ಪೂರ್ಣ ಮುಷ್ಟಿ ಕಟ್ಟುವುದು, ಕೊಕ್ಕೆಯಂತೆ ಮಡಚುವುದು, ಅಗಲಿಸಿ ಕೂಡಿಸುವುದು, ಹೆಬ್ಬೆರಳಿನಿಂದ ಪ್ರತಿ ಬೆರಳಿನ ತುದಿಯನ್ನು ಮುಟ್ಟುವುದು ಮುಂತಾದ ಚಲನೆಗಳನ್ನು ದಿನಕ್ಕೆ ಹಲವು ಬಾರಿ ಮಾಡಬೇಕು. ಕೈಯನ್ನು ಜೋಲಿಯಿಂದ ಹೊರತೆಗೆದು ತಲೆಯ ಮೇಲಕ್ಕೆ ಎತ್ತಬೇಕು. ಲೋಟ ಹಿಡಿಯುವುದು, ಗುಂಡಿ ಹಾಕುವುದು ಮುಂತಾದ ಹಗುರ ಕೆಲಸಗಳಿಗೆ ಆ ಕೈಯನ್ನು ಬಳಸಬಹುದು.

ಕಟ್ಟು ಬಿಚ್ಚಿದ ನಂತರ. ಕಟ್ಟು ಬಿಚ್ಚಿದಾಗ ಕೈ ಸೊರಗಿ, ಚರ್ಮ ಒಣಗಿ, ಮಣಿಕಟ್ಟು ಮರಗಟ್ಟಿದಂತಿರುತ್ತದೆ. ಇದನ್ನು ಕಂಡು ಚಿಕಿತ್ಸೆ ವಿಫಲವಾಯಿತೆಂದು ಅನೇಕರು ಗಾಬರಿಗೊಳ್ಳುತ್ತಾರೆ. ಆದರೆ ಇದು ನಿರೀಕ್ಷಿತ ಸ್ಥಿತಿಯೇ. ಬೆಚ್ಚಗಿನ ನೀರಿನಲ್ಲಿ ಕೈಯಿಟ್ಟು ಮಣಿಕಟ್ಟನ್ನು ಮೇಲೆ ಕೆಳಗೆ, ಅಕ್ಕಪಕ್ಕಕ್ಕೆ ಆಡಿಸಬೇಕು. ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು ಅಂಗೈಯನ್ನು ಮೇಲ್ಮುಖ, ಕೆಳಮುಖವಾಗಿ ಹೊರಳಿಸಬೇಕು. ಎರಡೂ ಅಂಗೈಗಳನ್ನು ನಮಸ್ಕಾರದ ಭಂಗಿಯಲ್ಲಿ ಕೂಡಿಸಿ ಮೊಣಕೈಗಳನ್ನು ಮೆಲ್ಲನೆ ಎತ್ತುವುದು ಹಿಂದಕ್ಕೆ ಬಾಗುವ ಚಲನೆಗೆ ಒಳ್ಳೆಯ ವ್ಯಾಯಾಮ. ವ್ಯಾಯಾಮದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು. ಮರುದಿನವೂ ಊತ ಉಳಿದರೆ ಪ್ರಮಾಣ ಕಡಿಮೆ ಮಾಡಬೇಕು. ಬೇರೆಯವರಿಂದ ಬಲವಂತವಾಗಿ ಬಗ್ಗಿಸುವುದು ಅಪಾಯಕಾರಿ.

ಬಲವರ್ಧನೆ. ಮೂಳೆ ಗಟ್ಟಿಯಾದುದು ಖಚಿತವಾದ ಮೇಲೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಗಳ ನಡುವೆ, ಹಿಡಿತದ ವ್ಯಾಯಾಮ ಆರಂಭವಾಗುತ್ತದೆ. ಮೃದುವಾದ ಚೆಂಡು ಅಥವಾ ಸ್ಪಂಜನ್ನು ಹಿಸುಕುವುದು, ಚಪಾತಿ ಹಿಟ್ಟು ನಾದುವುದು, ಚಿಕ್ಕ ಬಟ್ಟೆ ಹಿಂಡುವುದು ಮನೆಯಲ್ಲೇ ಮಾಡಬಹುದಾದ ಅಭ್ಯಾಸಗಳು. ತುಂಬಿದ ಬಿಂದಿಗೆ ಎತ್ತುವುದು ಮತ್ತು ಕೈಯೂರಿ ನೆಲದಿಂದ ಏಳುವುದು ಕೊನೆಯ ಹಂತಕ್ಕೆ ಸೇರಿದವು.

ಸುಧಾರಣೆಯ ಬಹುಪಾಲು ಮೊದಲ ಆರು ತಿಂಗಳಲ್ಲಿ ಆಗುತ್ತದೆ; ಹಿಡಿತದ ಬಲ ಒಂದು ವರ್ಷದವರೆಗೂ, ಕೆಲವರಲ್ಲಿ ಅನಂತರವೂ ಹೆಚ್ಚುತ್ತಿರುತ್ತದೆ. ಕಿರುಬೆರಳಿನ ಬದಿಯ ಮಂದ ನೋವು ಹೆಚ್ಚಾಗಿ ಕೊನೆಯಲ್ಲಿ ಮಾಯವಾಗುತ್ತದೆ.

ಚೇತರಿಕೆಯ ಮಾಪನ

ಆರೋಗ್ಯವಂತ ಮಣಿಕಟ್ಟು ಮುಂದಕ್ಕೆ ಸುಮಾರು 80 ಡಿಗ್ರಿ, ಹಿಂದಕ್ಕೆ ಸುಮಾರು 70 ಡಿಗ್ರಿ ಬಾಗುತ್ತದೆ. ಆದರೆ ಬಹುತೇಕ ದಿನನಿತ್ಯದ ಕೆಲಸಗಳಿಗೆ ಇದರ ಅರ್ಧದಷ್ಟು ಚಲನೆ ಸಾಕು. ಹಿಡಿತದ ಬಲವನ್ನು ಡೈನಮೋಮೀಟರ್ ಎಂಬ ಉಪಕರಣದಿಂದ ಅಳೆದು ಇನ್ನೊಂದು ಕೈಯೊಡನೆ ಹೋಲಿಸುತ್ತಾರೆ.

ರೋಗಿಯ ಸ್ವಂತ ಅನುಭವವನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನಾವಳಿಗಳೂ ಇವೆ. ಕೆನಡಾದಲ್ಲಿ ರೂಪುಗೊಂಡು 1998ರಲ್ಲಿ ಪ್ರಕಟವಾದ ಮಣಿಕಟ್ಟಿನ ಪ್ರಶ್ನಾವಳಿಯಲ್ಲಿ ನೋವಿನ ಬಗ್ಗೆ ಐದು, ಕೆಲಸಗಳ ಬಗ್ಗೆ ಹತ್ತು ಪ್ರಶ್ನೆಗಳಿವೆ. ಒಟ್ಟು 100 ಅಂಕಗಳಲ್ಲಿ ಅಂಕ ಕಡಿಮೆಯಾದಷ್ಟೂ ಕೈ ಉತ್ತಮ. ಬಾಗಿಲ ಹಿಡಿ ತಿರುಗಿಸುವುದು, ಗುಂಡಿ ಹಾಕುವುದು, ಚಾಕುವಿನಿಂದ ಮಾಂಸ ಕತ್ತರಿಸುವುದು ಮುಂತಾದವು ಅದರಲ್ಲಿವೆ. ಅನ್ನ ಕಲಸಿ ತುತ್ತು ಎತ್ತುವುದು, ರೊಟ್ಟಿ ತಟ್ಟುವುದು, ಬೊಗಸೆಯೊಡ್ಡುವುದು, ಸೀರೆಯ ನೆರಿಗೆ ಹಿಡಿಯುವುದು ಮೊದಲಾದ ಕೆಲಸಗಳಿಗೆ ಬೇಕಾದ ಚಲನೆಗಳು ಬೇರೆಬೇರೆ. ಬೊಗಸೆಯೊಡ್ಡಲು ಅಂಗೈ ಪೂರ್ತಿ ಮೇಲ್ಮುಖವಾಗಬೇಕು. ರೊಟ್ಟಿ ತಟ್ಟಲು ಕೆಳಮುಖವಾಗಬೇಕು. ಆದುದರಿಂದ ರೋಗಿಯು ತನ್ನ ದಿನಚರಿಯಲ್ಲಿ ಯಾವ ಕೆಲಸಕ್ಕೆ ತೊಡಕಾಗಿದೆ ಎಂಬುದನ್ನು ವೈದ್ಯರಿಗೂ ಭೌತಚಿಕಿತ್ಸಕರಿಗೂ ಸ್ಪಷ್ಟವಾಗಿ ಹೇಳುವುದು ಪ್ರಯೋಜನಕರ.

ಮರುಮುರಿತದ ತಡೆ

ಐವತ್ತು ದಾಟಿದವರಲ್ಲಿ ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದರೆ ಅದು ಅಸ್ಥಿರಂಧ್ರತೆ ಅಥವಾ ಆಸ್ಟಿಯೋಪೊರೋಸಿಸ್ ಎಂಬ ಮೂಳೆದೌರ್ಬಲ್ಯದ ಮೊದಲ ಸೂಚನೆಯಾಗಿರಬಹುದು. ಸೊಂಟದ ಮೂಳೆಮುರಿತಕ್ಕಿಂತ ಹಲವು ವರ್ಷಗಳ ಮೊದಲೇ ಇದು ಸಂಭವಿಸುವುದರಿಂದ ಎಚ್ಚೆತ್ತುಕೊಳ್ಳಲು ಕಾಲಾವಕಾಶ ದೊರೆಯುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಸ್ಥಿರಂಧ್ರತೆಯೆಂದು ಪರಿಗಣಿಸಿ ವೈದ್ಯರು ಔಷಧೋಪಚಾರ ನೀಡುತ್ತಾರೆ.

ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ, ನಡಿಗೆ, ಸಮತೋಲನದ ವ್ಯಾಯಾಮ, ತಂಬಾಕು ಮತ್ತು ಮದ್ಯಗಳ ತ್ಯಾಗ ಮೂಳೆಗೆ ಹಿತಕರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬಚ್ಚಲಿನ ಪಾಚಿ ಮತ್ತು ಒದ್ದೆ ನೆಲ, ಜಾರುವ ಕಾಲೊರಸು, ಮಂದ ಬೆಳಕಿನ ಮೆಟ್ಟಿಲು, ಸವೆದ ಚಪ್ಪಲಿ, ತಪಾಸಣೆಯಾಗದ ಕಣ್ಣಿನ ಪೊರೆ ಇವು ಬೀಳುವಿಕೆಯ ಸಾಮಾನ್ಯ ಕಾರಣಗಳು. ಬಚ್ಚಲಿನಲ್ಲಿ ಹಿಡಿಕಂಬಿ ಹಾಕಿಸುವುದು ಮತ್ತು ರಾತ್ರಿ ಓಡಾಡುವ ದಾರಿಯಲ್ಲಿ ಚಿಕ್ಕ ದೀಪವಿಡುವುದು ಕಡಿಮೆ ವೆಚ್ಚದ ಪರಿಹಾರಗಳಾಗಿವೆ.